ಹನ್ನೊಂದನೆಯ ಅಂಕಣ

ಹಿಂಜವಡಿಯ ಕಚೇರಿಗಳಲ್ಲಿ ದುಡಿಯುವ ನಮ್ಮ ತರುಣರಿಗೆ ಕಂಪನಿಗಳ ಚರಿತ್ರೆ ಅಪರಿಚಿತವಲ್ಲ. 1981ರಲ್ಲಿ ಈ ಪುಣೆಯಲ್ಲಿಯೇ ಹತ್ತು ಸಾವಿರ ರೂಪಾಯಿಗಳಿಂದ ಆರಂಭವಾದ ಇನ್ಫೋಸಿಸ್ಸಿನ ಕಥೆಯನ್ನು ಕನ್ನಡಿಗರಾದ ನಾವೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಇಂಥ ಚರಿತ್ರೆಗಳು ಬಹುಮಟ್ಟಿಗೆ ಬಿರುದಾವಳಿಗಳೇ ಸರಿ. ಎಡ್ವಿನ್ ಬ್ಲ್ಯಾಕ್ ಅವರು 2001ರಲ್ಲಿ ಪ್ರಕಟಿಸಿದ ‘ಐಬಿಎಂ ಅಂಡ್ ದ ಹಾಲೊಕಾಸ್ಟ್’ ಆ ಸಾಲಿನದಲ್ಲ.

ನಮ್ಮಲ್ಲಿ ಐಬಿಎಂ ಎಂದರೆ 1978ರಲ್ಲಿ ವಿದೇಶೀ ವಿನಿಮಯ ಕಾಯಿದೆಗೆ ಒಗ್ಗದೆ ದೇಶ ಬಿಟ್ಟು, 1992ರಲ್ಲಿ ಟಾಟಾರ ಜೊತೆಗೂಡಿ ಮರಳಿದ ಸಂಸ್ಥೆ. ಬ್ಲ್ಯಾಕ್ ಹೇಳುವುದು ಅದಕ್ಕೂ ಹಿಂದಿನ ಮಾತು. ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿಯೇ ಪ್ರಷ್ಯಾದ ಜನಗಣತಿಯನ್ನು ರಂಧ್ರಪತ್ರಗಳ ಮೇಲೆ ಎಣಿಸಿಕೊಟ್ಟುದು ಐಬಿಎಂನ ಜರ್ಮನ್ ಅಂಗಸಂಸ್ಥೆಯಾದ ಡೆಹೊಮಾಗ್. ಧರ್ಮಕ್ಕೂ ಅದರಲ್ಲಿ ಒಂದು ಅಂಕಣವಿತ್ತು. ಯಂತ್ರಗಳನ್ನು ಮಾರುವ ಪದ್ಧತಿಯಿರಲಿಲ್ಲ. ಬಾಡಿಗೆಗೆ ಕೊಟ್ಟು, ದುರಸ್ತಿ ಮಾಡಿ, ಪತ್ರಗಳನ್ನೂ ಕಂಪನಿಯೇ ಒದಗಿಸುತ್ತಿತ್ತು. ಮಾರಿದ ಮೇಲೆ ಏನಾಯಿತೋ ಅರಿಯೆವೆಂಬ ವ್ಯಾಪಾರಿಯ ಮಾತು ಆದುದರಿಂದ ಇಲ್ಲಿ ಸಲ್ಲದು. ಅಧ್ಯಕ್ಷ ಥಾಮಸ್ ವಾಟ್ಸನ್ 1937ರಲ್ಲಿ ಜರ್ಮನ್ ಸರಕಾರದ ಪದಕ ಸ್ವೀಕರಿಸಿದರು, ಹಿಂದಿರುಗಿಸಿದುದು 1940ರಲ್ಲಿ.

ಯುದ್ಧಕಾಲದಲ್ಲಿ ಅಂಗಸಂಸ್ಥೆಯ ಮೇಲಿನ ಹಿಡಿತ ತಪ್ಪಿತ್ತೆಂಬುದು ಕಂಪನಿಯ ಸಮಾಧಾನ. ಗ್ರಂಥಕರ್ತರ ಆವೇಶ ಹಲವೆಡೆ ಆಧಾರಗಳನ್ನು ಮೀರಿದೆಯೆಂದು ಇತಿಹಾಸಕಾರರೂ ಆಕ್ಷೇಪಿಸಿದ್ದಾರೆ, ಅದರಲ್ಲಿ ಹುರುಳಿದೆ. ಪೂರ್ವ ಯೂರೋಪಿನಲ್ಲಿ ಗುಂಡಿಗೆ ಬಲಿಯಾದ ಲಕ್ಷಾಂತರ ಯೆಹೂದ್ಯರನ್ನು ಕೊಲ್ಲಲು ಯಾವ ಯಂತ್ರದ ಎಣಿಕೆಯೂ ಬೇಕಾಗಿರಲಿಲ್ಲ. ಆದರೂ ಯಂತ್ರದ ಮುಂದೆ ಕುಳಿತವನ ಹೊಣೆಯೆಷ್ಟೆಂಬ ಪ್ರಶ್ನೆ ಇದರಿಂದ ಇಲ್ಲವಾಗುವುದಿಲ್ಲ.

ಫ್ರಾನ್ಸಿನ ರೆನೆ ಕಾರ್ಮಿಲ್‌ರ ವೃತ್ತಾಂತವೇ ಈ ಗ್ರಂಥದಲ್ಲಿ ನಮ್ಮನ್ನು ಬಹುವಾಗಿ ತಡೆದು ನಿಲ್ಲಿಸಿದುದು. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಇಲಾಖೆಯನ್ನು ನಡೆಸುತ್ತಿದ್ದ ಈ ಅಧಿಕಾರಿ, ಯೆಹೂದ್ಯರನ್ನು ಗುರುತಿಸಬೇಕಾದ ಹನ್ನೊಂದನೆಯ ಅಂಕಣಕ್ಕೆ ರಂಧ್ರವನ್ನೇ ಹಾಕಿಸಲಿಲ್ಲವೆಂದು ಬ್ಲ್ಯಾಕ್ ಬರೆಯುತ್ತಾರೆ. ಭಾಷಣವಿಲ್ಲ, ರಾಜೀನಾಮೆಯಿಲ್ಲ; ಬರಿಯ ವಿಳಂಬ. ಗುಪ್ತ ಪ್ರತಿರೋಧದಲ್ಲಿಯೂ ತೊಡಗಿದ್ದ ಅವರು 1944ರಲ್ಲಿ ಬಂಧಿತರಾಗಿ, 1945ರಲ್ಲಿ ಡಾಖೌ ಶಿಬಿರದಲ್ಲಿ ಮಡಿದರು.

ಮುಂದಿನ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ನಮ್ಮ ಸರಕಾರವು 2025ರಲ್ಲಿ ಘೋಷಿಸಿತು. 1931ರ ಬಳಿಕ ಇಂಥ ಎಣಿಕೆ ನಡೆದಿರಲಿಲ್ಲ. ನ್ಯಾಯವಾದ ಹಂಚಿಕೆಗೆ ಎಣಿಕೆ ಬೇಕೆಂಬ ವಾದವನ್ನು ನಾವು ಒಪ್ಪುತ್ತೇವೆ; ಜರ್ಮನಿಯ ಹೋಲಿಕೆಯನ್ನು ಇದಕ್ಕೆ ಅಂಟಿಸುವುದು ಅನ್ಯಾಯ. 1948ರ ಜನಗಣತಿ ಕಾಯಿದೆಯ 15ನೆಯ ಕಲಮು ಗಣತಿಯ ದಾಖಲೆಗಳನ್ನು ಅನ್ಯರು ನೋಡದಂತೆ ಕಾಪಾಡುತ್ತದೆ. ಆದರೆ ಆ ಕಲಮು ಗಣತಿಗೆ ಮಾತ್ರ ಸಲ್ಲುತ್ತದೆ. ಬ್ಯಾಂಕು, ವಿಮೆ, ಆಸ್ಪತ್ರೆಗಳ ಕೋಷ್ಟಕಗಳಿಗಲ್ಲ. ಅಂಥ ಕೋಷ್ಟಕಗಳಲ್ಲಿ ಯಾವ ಅಂಕಣವಿರಬೇಕೆಂದು ನಮ್ಮ ತರುಣರನ್ನು ಕೇಳುವವರುಂಟೇ? ಕೇಳದಿದ್ದರೆ, ಅವರಾದರೂ ಕೇಳಬಹುದು.