ಕಾಲೇಜಿನ ಮಾತೂ ಮರ್ಯಾದೆಯೂ

ವರ್ಷಂಪ್ರತಿ ಮಳೆಗಾಲದ ಸುಮಾರಿಗೆ ನಮ್ಮ ನಾಡಿನ ಹಳ್ಳಿಪಳ್ಳಿಗಳಿಂದ ಸಹಸ್ರಾರು ಮಂದಿ ತರುಣರೂ ತರುಣಿಯರೂ ಪೆಟ್ಟಿಗೆ ಹಾಸಿಗೆಗಳೊಡನೆ ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರುಗಳ ವಿದ್ಯಾರ್ಥಿನಿಲಯಗಳ ಬಾಗಿಲಿಗೆ ಬಂದು ನಿಲ್ಲುವರು. ಅಲ್ಲಿ ಅವರನ್ನು ಮೊದಲು ಎದುರುಗೊಳ್ಳತಕ್ಕವರು ಉಪಾಧ್ಯಾಯರಲ್ಲ, ಹಿರಿಯ ವಿದ್ಯಾರ್ಥಿಗಳು. ಅವರು ಮೊದಲು ಕಲಿಯತಕ್ಕ ಪಾಠವೂ ಪುಸ್ತಕದಲ್ಲಿರುವುದಲ್ಲ. ಆ ಆವರಣದೊಳಗಿನ ಮಾತು ಮತ್ತು ರೂಢಿ. ಈ ಮೊದಲನೆಯ ಪಾಠವು ಎಂತಹದೆಂಬುದನ್ನು ಪೌರರಾಗಲಿ ಅಧಿಕಾರಿಗಳಾಗಲಿ ವಿಚಾರಿಸುವುದು ಅಪರೂಪ. ಆದಕಾರಣ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ವಿದ್ಯಾರ್ಥಿಗಳಿಗೆ ತಮ್ಮದೇ ಆದ ಒಂದು ನುಡಿಯುಂಟು. ತರಗತಿಯನ್ನು ತಪ್ಪಿಸುವುದಕ್ಕೆ ಅವರು ‘ಚಕ್ಕರ್ ಹೊಡೆಯುವುದು’ ಎನ್ನುವರು. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ‘ಡುಮ್ಕಿ ಹೊಡೆಯುವುದು’. ಅರ್ಥವರಿಯದೆ ಕಂಠಪಾಠ ಮಾಡಿದರೆ ‘ಉರು ಹೊಡೆಯುವುದು’. ಹೊತ್ತಿಗೆಯಿಂದ ಕಣ್ಣೆತ್ತದವನು ‘ಕುಡುಮಿ’. ನೀರಸವಾಗಿ ಪಾಠ ಹೇಳುವ ಉಪಾಧ್ಯಾಯರು ‘ಕೊರೆಯುವವರು’. ಬಾರದ ಗೆಳೆಯನ ಪರವಾಗಿ ಹಾಜರಿ ಕೂಗುವುದು ‘ಪ್ರಾಕ್ಸಿ’. ಗುರುವೆಂಬ ಪೂಜ್ಯವಾದ ಶಬ್ದವು ಉಪಾಧ್ಯಾಯರ ಪೀಠವನ್ನು ಬಿಟ್ಟು ಪಕ್ಕದ ಬೆಂಚಿನವನಿಗೆ ಸಂದಿರುವುದು. ಇದನ್ನು ಕೇಳಿ ಭಾಷೆ ಕೆಟ್ಟಿತೆಂದು ಮರುಗುವ ಪಂಡಿತರುಂಟು. ನಾವು ಆ ಪಕ್ಷಕ್ಕೆ ಸೇರಿದವರಲ್ಲ. ಅಕ್ಕಸಾಲೆಗೆ, ದಲ್ಲಾಳಿಗೆ, ಅಂಬಿಗನಿಗೆ ತಮ್ಮ ತಮ್ಮ ಗುಟ್ಟಿನ ಮಾತುಗಳಿರುವಂತೆಯೇ ವಿದ್ಯಾರ್ಥಿಗೂ ಇದೆ. ‘ಬಂಕ್’ ಎಂಬ ಇಂಗ್ಲಿಷ್ ಶಬ್ದವನ್ನು ಎರವಲು ತಂದರೂ ಅದಕ್ಕೆ ಕನ್ನಡದ ‘ಹೊಡೆ’ಯನ್ನೇ ಕಟ್ಟಿ ನಡೆಸುವ ಬಾಲಕರ ನಾಲಗೆಯಲ್ಲಿ ಕನ್ನಡವು ಜೀವಂತವಾಗಿದೆಯೆಂದೇ ನಮ್ಮ ಎಣಿಕೆ. ವಿನೋದವು ಯೌವನದ ಹಕ್ಕು.

ರೂಢಿಗಳಲ್ಲಿಯೂ ಹೆಮ್ಮೆಪಡತಕ್ಕವು ನಮ್ಮಲ್ಲಿ ಅನೇಕವಿದ್ದವು. ಬಡ ವಿದ್ಯಾರ್ಥಿಗಳು ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ವಾರಾನ್ನದ ಪದ್ಧತಿಯನ್ನು ಹಿರಿಯರು ಬಲ್ಲರು. ಮೇಲಿನ ತರಗತಿಗೆ ಹೋದವನು ತನ್ನ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಕೆಳಗಿನವನಿಗೆ ಕೊಟ್ಟು ಹೋಗುವುದು ಇಂದಿಗೂ ಉಂಟು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದ ಮೂರೇ ವರ್ಷಗಳಲ್ಲಿ, 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿತು. ಕಾಲೇಜಿನ ಸಂಘವೊಂದು ನಾಡಿನ ಸಾಹಿತ್ಯಕ್ಕೆ ಎಷ್ಟು ಸೇವೆ ಸಲ್ಲಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ವಿನೋದದ ಹೆಸರನ್ನೂ ಸಂಪ್ರದಾಯದ ಹೆಸರನ್ನೂ ಹೊತ್ತು ಇನ್ನೊಂದು ರೂಢಿ ನಮ್ಮ ವಿದ್ಯಾಸ್ಥಾನಗಳಲ್ಲಿ ಬೇರುಬಿಟ್ಟಿರುವುದು. ಅದಕ್ಕೆ ರ‍್ಯಾಗಿಂಗ್ ಎಂದು ಹೆಸರು. ಈ ಪದವು ಇಂಗ್ಲೆಂಡಿನ ಶಾಲಾಕಾಲೇಜುಗಳ ಆಡುಮಾತಿನಿಂದ ಬಂದುದು. ಆದರೆ ಪಿಡುಗು ಆ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಫ್ರಾನ್ಸ್ ದೇಶವು 1998ರಲ್ಲಿ ಶಾಸನದ ಮೂಲಕ ಇಂತಹುದನ್ನು ಅಪರಾಧವೆಂದು ಸಾರಿತು. ನೆರೆಯ ಶ್ರೀಲಂಕೆಯೂ ಅದೇ ವರ್ಷ ಕಾಯಿದೆ ಮಾಡಿತು. ಕೆಟ್ಟ ಕೆಲಸಕ್ಕೆ ಒಳ್ಳೆಯ ಹೆಸರಿಡುವುದೇ ಈ ರೂಢಿಯ ಜಾಣತನ. ನಡುರಾತ್ರಿ ಎಬ್ಬಿಸಿ ಹೀನಾಯವಾಗಿ ಪ್ರಶ್ನಿಸುವುದಕ್ಕೆ ‘ಪರಿಚಯ’ವೆಂದೂ, ಅವಮಾನವನ್ನು ನುಂಗಿಕೊಂಡವನಿಗೆ ‘ಗಟ್ಟಿಗ’ನೆಂದೂ, ದೂರು ಹೇಳಿದವನಿಗೆ ‘ಚಾಡಿಕೋರ’ನೆಂದೂ ಕರೆಯುವರು. ಮಾತಿನ ಈ ಮುಸುಕನ್ನು ತೆಗೆದು ನೋಡಿದರೆ ಒಳಗಿರುವುದು ಬರಿಯ ಹಿಂಸೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಪ್ರಾಣಸಂಕಟವೆಂಬುದು ಇಲ್ಲಿ ಅಲಂಕಾರದ ಮಾತಲ್ಲ. 2009ರ ಮಾರ್ಚಿಯಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬನು ಹಿರಿಯ ವಿದ್ಯಾರ್ಥಿಗಳ ಪೆಟ್ಟಿಗೆ ಸಿಕ್ಕಿ ಮಡಿದನು. 2023ರ ಆಗಸ್ಟಿನಲ್ಲಿ ಕೋಲ್ಕತ್ತದ ಯಾದವಪುರ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಬಾಲಕನೊಬ್ಬನು ವಿದ್ಯಾರ್ಥಿನಿಲಯದ ಮಹಡಿಯಿಂದ ಬಿದ್ದು ಸತ್ತನು. ರ‍್ಯಾಗಿಂಗ್ ನಡೆಯಿತೆಂಬ ಆರೋಪದ ಮೇಲೆ ಹಿರಿಯ ವಿದ್ಯಾರ್ಥಿಗಳು ದಸ್ತಗಿರಿಯಾದರು. ಓದಲೆಂದು ಕಳುಹಿಸಿದ ಮಗನ ಶವವನ್ನು ಮನೆಗೆ ತರಬೇಕಾದ ತಾಯ್ತಂದೆಗಳ ಮುಂದೆ ನಿಂತು ‘ಇದು ಸಂಪ್ರದಾಯ’ವೆಂದು ಹೇಳುವ ಧೈರ್ಯ ಯಾರಿಗಿದೆ?

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ರ‍್ಯಾಗಿಂಗನ್ನು ವಿವರಿಸುವಾಗ ‘ತಮಾಷೆಗಾಗಿ ಮಾಡಿದೆವು’ ಎಂಬ ನೆವಕ್ಕೆ ಎಡೆಗೊಟ್ಟಿಲ್ಲ. ತಮಾಷೆಯೆಂದು ಮಾಡಿದರೂ ಮನುಷ್ಯನ ಗೌರವವನ್ನು ಕುಂದಿಸತಕ್ಕ ಕೃತ್ಯವು ಅದರ ಪ್ರಕಾರ ಅಪರಾಧವೇ. ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ನಿರ್ದೇಶಗಳನ್ನು ಕೊಟ್ಟಿತು, 2007ರಲ್ಲಿ ಆರ್. ಕೆ. ರಾಘವನ್ ಅವರ ಸಮಿತಿಯು ವರದಿಯನ್ನೊಪ್ಪಿಸಿತು; 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ವಿನಿಯಮಗಳನ್ನು ಹೊರಡಿಸಿತು. ವಿದ್ಯಾರ್ಥಿಯೂ ಪೋಷಕರೂ ಪ್ರಮಾಣಪತ್ರ ಬರೆದುಕೊಡಬೇಕು. ಹೊಸಬರನ್ನು ಸಾಧ್ಯವಾದಷ್ಟು ಬೇರೆ ಇರಿಸಬೇಕು. ರಾತ್ರಿಯ ವೇಳೆ ನಿಲಯಗಳನ್ನು ಹಠಾತ್ತಾಗಿ ತನಿಖೆ ಮಾಡಬೇಕು. ತಪ್ಪಿತಸ್ಥರನ್ನು ವಿದ್ಯಾಲಯದಿಂದ ಹೊರಹಾಕಲೂಬಹುದು. ದೂರು ಕೊಡುವುದಕ್ಕೆ 1800-180-5522 ಎಂಬ ದೂರವಾಣಿಯೂ ಏರ್ಪಟ್ಟಿರುವುದು. ಕೊರತೆಯಿರುವುದು ಕಾನೂನಿನಲ್ಲಲ್ಲ, ಅದನ್ನು ನಡೆಸುವವರ ಮನಸ್ಸಿನಲ್ಲಿ.

ಇದನ್ನು ಸಮರ್ಥಿಸುವವರು ಹೇಳುವುದೇನು? ಹೊಸಬರ ಸಂಕೋಚ ಹೋಗುವುದಂತೆ, ಧೈರ್ಯ ಬರುವುದಂತೆ, ಸ್ನೇಹ ಬೆಳೆಯುವುದಂತೆ. ಅಂಜಿಕೆಯಿಂದ ಹುಟ್ಟಿದ್ದು ಸ್ನೇಹವಲ್ಲ. ಬಲವಂತನ ಮುಂದೆ ತಲೆಬಾಗಿ ಬಲಹೀನನ ಮೇಲೆ ಕೈಮಾಡುವುದನ್ನು ಕಲಿಸತಕ್ಕದ್ದು ಧೈರ್ಯವಲ್ಲ. ‘ನಾವೂ ಅನುಭವಿಸಿದ್ದೆವು’ ಎಂಬುದು ಇನ್ನೊಂದು ವಾದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲವೆಂಬ ಗಾದೆಯೇ ಇಲ್ಲಿ ನ್ಯಾಯಶಾಸ್ತ್ರವಾಗಿದೆ. ತನಗಾದ ಅನ್ಯಾಯವನ್ನು ನಿಲ್ಲಿಸಲಾರದೆ ಮುಂದಿನವನಿಗೆ ದಾಟಿಸುವವನು ನಾಳೆ ಅಮಲ್ದಾರನ ಕುರ್ಚಿಯಲ್ಲಿ ಕುಳಿತಾಗ ರೈತನೊಡನೆ ಹೇಗೆ ನಡೆದುಕೊಂಡಾನೆಂಬುದನ್ನು ವಾಚಕರೇ ಊಹಿಸಬಹುದು.

ಕನ್ನಡಿಗರು ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ಅಂಶ ಇನ್ನೊಂದಿದೆ. 2016ರ ತಿದ್ದುಪಡಿಯ ಮೂಲಕ ಜಾತಿ, ಮತ, ಬಡತನ, ಹುಟ್ಟಿದ ಊರು, ಆಡುವ ಭಾಷೆ ಇವುಗಳ ಕಾರಣದಿಂದ ಸಹಪಾಠಿಯನ್ನು ನೋಯಿಸುವುದೂ ದೂರ ಮಾಡುವುದೂ ರ‍್ಯಾಗಿಂಗೆಂದೇ ಎಣಿಸಲ್ಪಟ್ಟಿದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವನನ್ನು ‘ಹಳ್ಳಿ ಗುಗ್ಗು’ ಎಂದು ಕರೆಯುವುದು, ಇಂಗ್ಲಿಷಿನಲ್ಲಿ ತಡವರಿಸಿದರೆ ನಗುವುದು, ಕಲಬುರ್ಗಿಯವನ ಅಥವಾ ಕುಂದಾಪುರದವನ ಉಚ್ಚಾರಣೆಯನ್ನು ಅಣಕಿಸುವುದು, ಇವೆಲ್ಲ ಇನ್ನು ಚೇಷ್ಟೆಯ ಲೆಕ್ಕಕ್ಕೆ ಬಾರವು. ಪೆಟ್ಟಿನ ಗುರುತು ಮೈಮೇಲೆ ಕಾಣುವುದು. ಈ ಮಾತಿನ ಗುರುತು ಕಾಣದು. ಕನ್ನಡನಾಡಿನ ಕಾಲೇಜಿನಲ್ಲಿಯೇ ಕನ್ನಡದ ಬಾಲಕನು ತನ್ನ ಮಾತಿಗಾಗಿ ನಾಚಿಕೊಂಡು ಬಾಯಿ ಮುಚ್ಚುವಂತಾದರೆ, ನಾವು ವರ್ಷವರ್ಷವೂ ಆಚರಿಸುವ ರಾಜ್ಯೋತ್ಸವಗಳಿಂದ ಆದ ಪ್ರಯೋಜನವೇನು?

ಈಗ ಆಗಬೇಕಾದುದು ಮೂರು. ಮೊದಲನೆಯದಾಗಿ, ಕಾಲೇಜುಗಳ ಮುಖ್ಯಸ್ಥರು ದೂರು ಬಂದೊಡನೆ ಸಂಸ್ಥೆಯ ಹೆಸರು ಕೆಡುವುದೆಂದು ಅದನ್ನು ಅದುಮುವ ಅಭ್ಯಾಸವನ್ನು ಬಿಡತಕ್ಕದ್ದು. ಎಷ್ಟು ದೂರುಗಳು ಬಂದವು, ಏನು ಕ್ರಮ ಕೈಗೊಂಡರು ಎಂಬುದನ್ನು ಹೆಸರುಗಳಿಲ್ಲದೆ ಪ್ರತಿವರ್ಷವೂ ಪ್ರಕಟಿಸಲಿ. ಹೆಸರು ಕೆಡುವುದು ಮುಚ್ಚಿಟ್ಟದ್ದರಿಂದಲೇ ಹೊರತು ಹೇಳಿದ್ದರಿಂದಲ್ಲ. ಎರಡನೆಯದಾಗಿ, ನಿಲಯಪಾಲಕರು ಮೊದಲ ಎರಡು ತಿಂಗಳಾದರೂ ರಾತ್ರಿ ನಿಲಯದಲ್ಲಿಯೇ ಇರತಕ್ಕದ್ದು. ಮೂರನೆಯದಾಗಿ, ತಾಯ್ತಂದೆಗಳು ಪ್ರಮಾಣಪತ್ರಕ್ಕೆ ಓದದೆ ರುಜು ಹಾಕದೆ, ಅದನ್ನು ಮಗನಿಗೋ ಮಗಳಿಗೋ ಓದಿಹೇಳಿ, ಅನ್ಯಾಯವಾದರೆ ಬಂದು ತಿಳಿಸೆಂದೂ, ಅನ್ಯಾಯ ಮಾಡಿದರೆ ಮನೆಯವರು ನಿನ್ನ ಪಕ್ಷ ವಹಿಸುವುದಿಲ್ಲವೆಂದೂ ಸ್ಪಷ್ಟವಾಗಿ ಹೇಳಬೇಕು.

ಕೊನೆಯ ಮಾತು ಹಿರಿಯ ವಿದ್ಯಾರ್ಥಿಗಳಿಗೆ. ಚಕ್ಕರ್ ಹೊಡೆಯಿರಿ ಎಂದು ನಾವು ಹೇಳಲಾರೆವು. ಹೊಡೆದರೆ ಉಪಾಧ್ಯಾಯರು ನೋಡಿಕೊಳ್ಳುವರು. ನಿಮ್ಮ ನುಡಿಯನ್ನು ಆಡಿಕೊಳ್ಳಿರಿ, ನಗಿರಿ, ಹೊಸ ಮಾತುಗಳನ್ನು ಹುಟ್ಟಿಸಿರಿ. ಆದರೆ ಈ ಸಲ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತವನ ಕೈಯಿಂದ ಅದನ್ನು ತೆಗೆದುಕೊಂಡು ಕೋಣೆಯನ್ನು ತೋರಿಸಿರಿ. ಸಂಪ್ರದಾಯವು ಎಲ್ಲಿಂದಲೋ ಇಳಿದು ಬರತಕ್ಕದ್ದಲ್ಲ. ಒಂದು ವರ್ಷ ಹತ್ತು ಮಂದಿ ನೆಟ್ಟಗೆ ನಡೆದರೆ ಮರುವರ್ಷ ಅದೇ ಸಂಪ್ರದಾಯವಾಗುವುದು.