ಚಿತ್ರಶಾಲೆಯಲ್ಲಿ ಒಂದು ಗಳಿಗೆ: ‘ಮೂವರು ಹುಡುಗಿಯರು’

ಚಿತ್ರದ ಮುಂದೆ ನಿಂತೊಡನೆ ಒಗಟು ಬಿಡಿಸಲು ತೊಡಗುವವರ ಪಂಗಡವೊಂದಿದೆ. ನಾನೂ ಆ ಪಂಗಡದವನೇ. ದಿಲ್ಲಿಯ ಜಯಪುರ ಹೌಸಿನ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹದಲ್ಲಿ ಅಮೃತಾ ಶೇರ್‌ಗಿಲ್ ಅವರ ‘ಮೂವರು ಹುಡುಗಿಯರು’ ಎಂಬ ತೈಲಚಿತ್ರವನ್ನು ನೋಡುವಾಗಲೂ ಹಾಗೆಯೇ ಆಯಿತು.

ಮೂವರೂ ಮೈಗೆ ಮೈ ತಾಗುವಂತೆ ಒತ್ತಾಗಿ ಕುಳಿತಿದ್ದಾರೆ. ಕೆಂಪು, ಹಸಿರು ಉಡುಪುಗಳೇನೋ ಹಬ್ಬದ ಮನೆಯಂತೆ ಬೆಳಗುತ್ತಿವೆ. ಮುಖಗಳಲ್ಲಿ ಮಾತ್ರ ಹಬ್ಬವಿಲ್ಲ. ಹಾಗೆಂದು ಅಳುವೂ ಇಲ್ಲ. ಒಬ್ಬಳೂ ನಮ್ಮತ್ತ ನೋಡುವುದಿಲ್ಲ. ಅದು ಹೋಗಲಿ, ಒಬ್ಬಳು ಇನ್ನೊಬ್ಬಳನ್ನೂ ನೋಡುವುದಿಲ್ಲ! ಹಿಂದೆ ಬಾಗಿಲಿಲ್ಲ, ಕಿಟಕಿಯಿಲ್ಲ; ಬರಿದಾದ ಬಣ್ಣ.

ಹಂಗೇರಿಯ ತಾಯಿಗೂ ಪಂಜಾಬಿನ ತಂದೆಗೂ ಹುಟ್ಟಿದ ಅಮೃತಾ ಪ್ಯಾರಿಸ್ಸಿನಲ್ಲಿ ಕಲಿತು 1934ರ ಕೊನೆಗೆ ಭಾರತಕ್ಕೆ ಮರಳಿದರು. ಮರುವರ್ಷವೇ ಬರೆದ ಚಿತ್ರವಿದು. ಆಗ ಅವರಿಗೆ 22 ವರ್ಷ. 1937ರಲ್ಲಿ ಮುಂಬಯಿಯ ಆರ್ಟ್ ಸೊಸೈಟಿ ಇದಕ್ಕೆ ಚಿನ್ನದ ಪದಕವಿತ್ತಿತು. 1941ರಲ್ಲಿ, 28ನೆಯ ವಯಸ್ಸಿಗೇ, ಲಾಹೋರಿನಲ್ಲಿ ಅವರು ತೀರಿಕೊಂಡರು.

ಇಲ್ಲಿರುವುದು ನಾಡಿನ ಬಡತನದ ದುಃಖವೆಂದು ಹೇಳುವವರುಂಟು. ಬಡವರ ಮೌನವನ್ನು ಚಿತ್ರಿಸುವ ಹಂಬಲ ಅಮೃತಾ ಅವರಿಗಿದ್ದುದು ನಿಜ. ಆದರೆ ಈ ಮೂವರಲ್ಲಿ ಬಡತನ ನನಗೆ ಕಾಣಲಿಲ್ಲ. ಪ್ಯಾರಿಸ್ಸಿನಲ್ಲಿ 1932ರಲ್ಲಿ ಅವರು ಬರೆದ ‘ತರುಣಿಯರು’ ಚಿತ್ರದಲ್ಲಿ ಕೋಣೆಯಿದೆ, ಕುರ್ಚಿಯಿದೆ, ಇಬ್ಬರು ಗೆಳತಿಯರ ಸಲಿಗೆಯಿದೆ. ಇಲ್ಲಿ ಅದೆಲ್ಲವನ್ನೂ ಹೊರಗಿಟ್ಟಿದ್ದಾರೆ. ಉಳಿದದ್ದು ಕಾಯುವುದೊಂದೇ. ಯಾವುದಕ್ಕಾಗಿ?

ಒಗಟು ಬಿಡಿಸಿದವಳು ನಮ್ಮ ಮನೆಯಾಕೆ. ಅರೆಗಳಿಗೆ ನೋಡಿ, “ಹೆಣ್ಣು ನೋಡಲು ಬರುವವರಿದ್ದಾರೆ, ಪಾಪ” ಎಂದಳು.

“ಮೂವರನ್ನೂ ಒಟ್ಟಿಗೆ ತೋರಿಸುತ್ತಾರೆಯೇ?” ಎಂದು ನಾನು ನಕ್ಕೆ.

“ಒಬ್ಬಳನ್ನು ತೋರಿಸಿದರೆ ಸಾಲದೆ? ಉಳಿದಿಬ್ಬರಿಗೂ ಗೊತ್ತಾಗುತ್ತದೆ.”

ಮತ್ತೊಮ್ಮೆ ನೋಡಿದೆ. ಮೂವರ ಮನಸ್ಸಿನಲ್ಲಿಯೂ ಒಂದೇ ಯೋಚನೆಯಿದೆ. ಆದುದರಿಂದಲೇ ಕಣ್ಣಿಗೆ ಕಣ್ಣು ಕೂಡಿಸಲಾರರು. ಕೂಡಿದರೆ ಅಳು ಬಂದೀತು. ಒಬ್ಬಳೇ ತಲೆ ತಗ್ಗಿಸಿದ್ದರೆ ನಾಚಿಕೆಯೆನ್ನಬಹುದಿತ್ತು. ಮೂವರೂ ತಗ್ಗಿಸಿದಾಗ ಹಾಗೆನ್ನುವುದು ಹೇಗೆ?

ನಾನು ನೋಡಲು ಹೋದ ದಿನ ಈಕೆಯೂ ಚಾಪೆಯ ಮೇಲೆ ಹೀಗೆಯೇ ಕುಳಿತಿದ್ದಳು. ನಾಚಿಕೆಯೆಂದೇ ಇಷ್ಟು ವರ್ಷ ತಿಳಿದಿದ್ದೆ. ತಡೆಯಲಾರದೆ, “ಅಂದು ನೀನು ಏನು ಯೋಚಿಸುತ್ತಿದ್ದೆ?” ಎಂದು ಕೇಳಿದೆ.

“ಒಳಗೆ ಕುಳಿತಿದ್ದ ತಂಗಿಯ ವಿಚಾರ” ಎಂದು ಆಕೆ ಮುಂದಿನ ಚಿತ್ರದ ಕಡೆಗೆ ನಡೆದಳು.