ಏನೂ ಸೇರಿಸದ ಸ್ಪೀಕರ್

‘ಏನೂ ಸೇರಿಸಬಾರದು, ಏನೂ ಕಳೀಬಾರದು, ಇಪ್ಪತ್ತು ಸಾವಿರ ದಾಟಬಾರದು. ಅಂಥ ಸ್ಪೀಕರ್ ಇದ್ರೆ ಕೊಡಿ ಸಾರ್.’ ಬೆಂಗಳೂರಿನ ವಾದ್ಯದಂಗಡಿಯೊಂದರಲ್ಲಿ ಗಿಟಾರಿನ ಹುಡುಗನೊಬ್ಬ ಆಡಿದ ಈ ಮಾತು ವಾರವಿಡೀ ಕೊರೆಯುತ್ತಿದೆ. ಅವನ ಹತ್ತಿರ ಆಂಪು, ಸ್ಪೀಕರುಗಳ ನಾದವನ್ನು ಅನುಕರಿಸುವ ಡಿಜಿಟಲ್ ಮಾಡೆಲರ್ ಇದೆ. ಹೆಡ್‌ಫೋನಿನಲ್ಲಿ ಸೊಗಸಾಗಿ ಕೇಳುವ ಅದೇ ನಾದ ಮನೆಯ ಹಳೆಯ ಗಿಟಾರ್ ಆಂಪಿಗೆ ಸಿಕ್ಕಿಸಿದರೆ ಕಂಬಳಿ ಹೊದ್ದು ಹಾಡಿದ ಹಾಗಾಗುತ್ತದಂತೆ.

ಕಾರಣ ಸರಳ. ಗಿಟಾರ್ ಸ್ಪೀಕರು ಬಂದದ್ದನ್ನು ಬಂದ ಹಾಗೆ ದಾಟಿಸುವುದೇ ಇಲ್ಲ. ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ ತೆಗೆದುಕೊಳ್ಳಿ: 12 ಇಂಚಿನ ಕಾಗದದ ಕೋನು, ಅದರ ಹರವು 75ರಿಂದ 5000 ಹರ್ಟ್ಸ್ ಮಾತ್ರ. ಡಿಸ್ಟಾರ್ಷನ್‌ನಲ್ಲಿ ಹುಟ್ಟುವ ಕರ್ಕಶ ಮೇಲುಸ್ವರಗಳನ್ನು ಅಲ್ಲೇ ತಡೆದುಬಿಡುತ್ತದೆ. ಮಾಡೆಲರ್ ಈ ತಡೆಯನ್ನೂ ಲೆಕ್ಕಹಾಕಿ ತನ್ನೊಳಗೇ ಕ್ಯಾಬಿನೆಟ್ ಕಟ್ಟಿಕೊಂಡಿರುತ್ತದೆ. ಹುಡುಗ ಅದನ್ನು ಇನ್ನೊಂದು ಗಿಟಾರ್ ಸ್ಪೀಕರಿಗೆ ಕೊಟ್ಟಿದ್ದಾನೆ. ಒಂದರ ಮೇಲೊಂದು ಎರಡು ಕ್ಯಾಬಿನೆಟ್. ಮಾಡೆಲರಿನ ಕ್ಯಾಬಿನೆಟ್ಟನ್ನು ಆಫ್ ಮಾಡಿ ಆಂಪಿನ ಪವರ್ ಭಾಗಕ್ಕೆ ನೇರ ಕೊಟ್ಟಿದ್ದರೆ ಕಾಸಿಲ್ಲದೆ ಅರ್ಧ ಕಂಬಳಿ ಸರಿಯುತ್ತಿತ್ತು.

ಕಾಗದದ ಕೋನಿನ ಮಾತು ಬಂತಲ್ಲ, ಮೃದಂಗಕ್ಕೆ ಹೋಗದೆ ಇರಲಾರೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ಚರ್ಮವಾದ್ಯಗಳ ಪ್ರಬಂಧ ಈ ಅಂಕಣದ ಓದುಗರಿಗೆ ಹಳೆಯ ನೆಂಟ. ಬರಿ ಚರ್ಮ ಬಿಗಿದ ಡೋಲಿನ ಮೇಲುಸ್ವರಗಳು ಮೂಲಸ್ವರದ ಪೂರ್ಣ ಗುಣಕಗಳಲ್ಲ, 1.59, 2.14, 2.30 ಎಂದು ಚೆದುರಿ ಬೀಳುತ್ತವೆ. ಮೃದಂಗದಲ್ಲಿ ಹಾಗೆ ಚರ್ಮದ ನಡುವೆ ಕರಣೆಯೆಂಬ ಕಪ್ಪು ಲೇಪ ಮೆತ್ತಿದಾಗ ಒಂಬತ್ತು ಕಂಪನ ವಿನ್ಯಾಸಗಳು ಐದು ಸುಸ್ವರಗಳಾಗಿ ಕೂಡಿಕೊಳ್ಳುತ್ತವೆ. ಚರ್ಮದ ಮೇಲೆ ಮರಳು ಉದುರಿಸಿ, ಅದು ಎಲ್ಲಿ ನಿಲ್ಲುತ್ತದೆಂದು ನೋಡಿ ರಾಮನ್ ಇದನ್ನು ಕಣ್ಣಿಗೇ ಕಾಣಿಸಿದರು. ಸ್ಪೀಕರಿನ ಕೋನಿನಲ್ಲೂ ಇಂಥದೇ ಜಗತ್ತಿದೆ. ಕೆಳಸ್ವರಗಳಲ್ಲಿ ಇಡೀ ಕೋನು ಒಂದೇ ತುಂಡಾಗಿ ಹಿಂದೆ ಮುಂದೆ ಚಲಿಸುತ್ತದೆ. ಆವೃತ್ತಿ ಏರಿದಂತೆ ಅದು ಹೋಳುಹೋಳಾಗಿ ಒಡೆದು, ಒಂದು ಭಾಗ ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ. ಹೈ-ಫೈ ಎಂಜಿನಿಯರು ಈ ಒಡಕನ್ನು ಕೇಳಿಸದ ದೂರಕ್ಕೆ ಅಟ್ಟಲು ಹೆಣಗುತ್ತಾನೆ. ಗಿಟಾರ್ ಸ್ಪೀಕರ್ ಮಾಡುವವನು ಅದನ್ನು ಬೇಕೆಂದೇ ಉಳಿಸಿಕೊಳ್ಳುತ್ತಾನೆ. 2000ದಿಂದ 4000 ಹರ್ಟ್ಸ್ ನಡುವೆ ಅದರ ಸದ್ದು ಉಬ್ಬುವುದಕ್ಕೆ, ತಂತಿ ಮಾತಾಡಿದಂತೆ ಕೇಳುವುದಕ್ಕೆ, ಬಹುಪಾಲು ಇದೇ ಕಾರಣ. ಗಿಟಾರ್ ವಾದಕ ಡೇವ್ ಡೇವಿಸ್ 1964ರಲ್ಲಿ ತನ್ನ ಪುಟ್ಟ ಆಂಪಿನ ಕೋನನ್ನು ಬ್ಲೇಡಿನಿಂದ ಸೀಳಿದ್ದೂ ಕೋನು ವಾದ್ಯದ ಭಾಗವೆಂಬುದನ್ನೇ ತೋರಿಸಿತು. ಕರಣೆ ಮೆತ್ತುವ ಕೈಗೂ ಕಾಗದದ ದಪ್ಪ ನಿರ್ಧರಿಸುವ ಕೈಗೂ ನಾನು ಒಂದೇ ಗೌರವ ಸಲ್ಲಿಸುತ್ತೇನೆ.

ಇಲ್ಲಿಗೆ ಬಂದಮೇಲೆ ಹುಡುಗನ ಪ್ರಶ್ನೆ ಬೇರೆಯೇ ಅನ್ನಿಸುತ್ತದೆ. ಮಾಡೆಲರಿನೊಳಗೆ ಇರುವುದು ಬರಿಯ ಕೋನಲ್ಲ, ಕೋನಿನ ಮುಂದೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಇಟ್ಟ ಮೈಕು ಕೇಳಿಸಿಕೊಂಡ ಕೋನು. ಬಹಳ ಸಲ ಆ ಮೈಕು 1965ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ57. ನುಡಿಸುವವರು ಯಾರೂ ಕೋನಿಗೆ ಕಿವಿ ಅಂಟಿಸಿ ನಿಲ್ಲುವುದಿಲ್ಲ. ಎರಡು ಹೆಜ್ಜೆ ಆಚೆ, ಓರೆಯಾಗಿ ನಿಂತಿರುತ್ತಾರೆ. ಹೆಚ್ಚಿನ ಆವೃತ್ತಿಯ ಸದ್ದು ನೇರ ಮುಂದಕ್ಕೆ ಹೋಗಿ ಮಂಡಿಗೆ ತಾಗುತ್ತದೆ, ಉಳಿದದ್ದು ಗೋಡೆಯಿಂದ ಮರಳಿ ಬರುತ್ತದೆ. ಆ ಅನುಭವ ಮಾಡೆಲರಿನೊಳಗೆ ಇಲ್ಲವೇ ಇಲ್ಲ. ಏನೂ ಸೇರಿಸದ ಸ್ಪೀಕರಿಗೆ ಲಕ್ಷ ಸುರಿದರೂ ಅದು ಮೈಕಿನ ಕಿವಿಯನ್ನೇ ನಿಷ್ಠೆಯಿಂದ ಒಪ್ಪಿಸುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು: ಈ ಸದ್ದು ಯಾರ ಕಿವಿಗೆ? ಸಭೆಗಾದರೆ, ರೆಕಾರ್ಡಿಂಗಿಗಾದರೆ ಏನೂ ಸೇರಿಸದ ಫುಲ್ ರೇಂಜ್ ಸ್ಪೀಕರೇ ಸರಿ. ಕೋಣೆಯಲ್ಲಿ ತನಗಾಗಿ ನುಡಿಸುವವನಿಗೆ ಹಳೆಯ ಗಿಟಾರ್ ಕ್ಯಾಬಿನೆಟ್ಟೂ ಚಿಕ್ಕ ಪವರ್ ಆಂಪೂ ಹೆಚ್ಚು ಸುಖ ಕೊಡುತ್ತವೆ.

ಹುಡುಗನಿಗೆ ಅಂಗಡಿಯವರು ತೋರಿಸಿದ ಸ್ಪೀಕರ್ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 2000 ವ್ಯಾಟ್ ಎಂದಿತ್ತು. ಈ ಅಂಕಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಕ್ಷಣಮಾತ್ರದ ಪೀಕ್ ಲೆಕ್ಕ, ಸತತವಾಗಿ ಸಿಗುವುದು ಎಷ್ಟೋ ಕಡಿಮೆ. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬಲ್; ಕಿವಿಗೆ ಸದ್ದು ದುಪ್ಪಟ್ಟು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಕೊಳ್ಳುವವರು ಸೆನ್ಸಿಟಿವಿಟಿ ಎಷ್ಟು, ಗರಿಷ್ಠ ಸದ್ದು ಎಷ್ಟು ಡೆಸಿಬಲ್ ಎಂದು ಕೇಳಲಿ.

ಹುಡುಗನಿಗೆ ಬ್ಯಾಂಡ್ ಇದೆಯಂತೆ. ಹಾಗಾದರೆ ಆರ್ಕೆಸ್ಟ್ರಾದವರು ಬಳಸಿ ಮಾರುವ 10 ಅಥವಾ 12 ಇಂಚಿನ ಪವರ್ಡ್ ಪಿಎ ಸ್ಪೀಕರು, ಎಂದರೆ ಒಳಗೇ ಆಂಪ್ ಇರುವ ಸಭೆಯ ಸ್ಪೀಕರು, ಅವನು ಹೇಳಿದ ಇಪ್ಪತ್ತು ಸಾವಿರದ ಬೆಲೆಗೆ ನನ್ನ ಆಯ್ಕೆ. ಅದನ್ನು ಮೂಲೆಯಲ್ಲಿ ನೆಲಕ್ಕೆ ಇಟ್ಟರೆ ಬೇಸ್ ಊದಿಕೊಳ್ಳುತ್ತದೆ, ಎದೆಯೆತ್ತರದ ಸ್ಟ್ಯಾಂಡ್ ಬೇಕು. ರಾತ್ರಿ ಮೆಲ್ಲಗೆ ಕೇಳುತ್ತಾ ಹೊಂದಿಸಿದ ಟೋನ್ ವೇದಿಕೆಯಲ್ಲಿ ಗುಡುಗಾಗುವುದಕ್ಕೆ ಕಾರಣವನ್ನು ಶ್ರವಣ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ: ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿ ಬೇಸ್‌ಗೆ ಮಂದ. ಟೋನ್ ಹೊಂದಿಸಬೇಕಾದ್ದು ನುಡಿಸುವ ಸದ್ದಿನಲ್ಲೇ. ಕೊಳ್ಳುವ ಮುಂಚೆ ತನ್ನ ಮಾಡೆಲರನ್ನೇ ಒಯ್ದು, ಡ್ರಮ್ಮಿನವನನ್ನೂ ಕರೆದುಕೊಂಡು ಹೋಗಿ ಪೂರ್ತಿ ಸದ್ದಿನಲ್ಲಿ ನುಡಿಸಿ ನೋಡಲಿ. ಅದಕ್ಕೊಪ್ಪದವರ ಹತ್ತಿರ ವ್ಯಾಪಾರವೇ ಬೇಡ.